ಕೀವು ಕಾಣದ ಸೋಂಕು: ರೋಗನಿರೋಧಕ ಶಕ್ತಿ ಕುಗ್ಗಿದವರ ಸೈನಸ್ ತೊಂದರೆಗಳು

ನೆಗಡಿಯಾಗಿ ಮೂಗು ಕಟ್ಟಿ, ಕೆನ್ನೆ ಮತ್ತು ಹಣೆ ಭಾರವಾಗಿ ಬಂದವರಿಗೆ ಕಿವಿ-ಮೂಗು-ಗಂಟಲು ವೈದ್ಯರಾದ ನಾವು ಸಾಮಾನ್ಯವಾಗಿ ಕೊಡುವ ಸಲಹೆ, ಹತ್ತು ದಿನ ಕಾಯಿರಿ ಎಂಬುದು. ಈ ಸಲಹೆಗೆ ಆಧಾರವಿದೆ. ಸೈನಸ್ ಸೋಂಕುಗಳಲ್ಲಿ ಬಹುಪಾಲು ವೈರಸ್‌ನಿಂದ ಬರುವಂಥವು; ಅವಕ್ಕೆ ಆಂಟಿಬಯಾಟಿಕ್ ನಾಟುವುದಿಲ್ಲ, ದೇಹವೇ ಅವನ್ನು ನಿಭಾಯಿಸಿಕೊಳ್ಳುತ್ತದೆ. ಹತ್ತು ದಿನ ಕಳೆದರೂ ಇಳಿಯದಿದ್ದರೆ, ಅಥವಾ ಇಳಿಯುತ್ತ ಬಂದದ್ದು ಮತ್ತೆ ಜೋರಾದರೆ, ಬ್ಯಾಕ್ಟೀರಿಯಾ ಸೇರಿಕೊಂಡಿದೆಯೆಂದು ತಿಳಿದು ಔಷಧ ಆರಂಭಿಸುತ್ತೇವೆ. ಆರೋಗ್ಯವಂತರ ಮಟ್ಟಿಗೆ ಇದು ಒಳ್ಳೆಯ ನಿಯಮ. ಎಲ್ಲ ವೈದ್ಯರೂ ಇದನ್ನು ಪಾಲಿಸಿದ್ದರೆ ನಮ್ಮಲ್ಲಿ ಆಂಟಿಬಯಾಟಿಕ್‌ಗಳು ಇಷ್ಟು ಬೇಗ ಕೆಲಸ ಕಳೆದುಕೊಳ್ಳುತ್ತಿರಲಿಲ್ಲ ಎಂದೂ ಹೇಳಬಹುದು. ಆದರೆ ನಾನಿಂದು ಮಾತನಾಡುತ್ತಿರುವುದು ಈ ನಿಯಮ ಅನ್ವಯಿಸದವರ ವಿಷಯ. ಅವರಲ್ಲಿ ಹತ್ತು ದಿನವಿರಲಿ, ಎರಡು ದಿನ ಕಾದರೂ ಕೆಲವೊಮ್ಮೆ ಕಣ್ಣು ಹೋಗಬಹುದು, ಜೀವವೂ ಹೋಗಬಹುದು.

ಅವರು ಯಾರು? ಕಿಡ್ನಿ ಅಥವಾ ಲಿವರ್ ಕಸಿ ಮಾಡಿಸಿಕೊಂಡು, ಹೊಸ ಅಂಗವನ್ನು ದೇಹ ತಿರಸ್ಕರಿಸದಂತೆ ಪ್ರತಿದಿನ ಮಾತ್ರೆ ನುಂಗುತ್ತಿರುವವರು. ರಕ್ತದ ಕ್ಯಾನ್ಸರ್‌ಗೆ ಕೀಮೋಥೆರಪಿ ತೆಗೆದುಕೊಳ್ಳುತ್ತಿರುವವರು. ಸಂಧಿವಾತ, ಲೂಪಸ್ ಮುಂತಾದ ಕಾಯಿಲೆಗಳಿಗೆ ತಿಂಗಳುಗಟ್ಟಲೆ ಸ್ಟೀರಾಯ್ಡ್ ಸೇವಿಸುವವರು. ಎಚ್‌ಐವಿ ಸೋಂಕಿಗೆ ಚಿಕಿತ್ಸೆ ಪಡೆಯದೆ ಉಳಿದವರು. ಹುಟ್ಟಿನಿಂದಲೇ ರಕ್ತದಲ್ಲಿ ರೋಗಾಣುಗಳನ್ನು ಎದುರಿಸುವ ಪ್ರತಿಕಾಯಗಳ (ಆಂಟಿಬಾಡಿ) ಕೊರತೆ ಇರುವ ಮಕ್ಕಳು. ಇವರಲ್ಲಿ ಹೆಚ್ಚಿನವರಿಗೆ ತಮ್ಮ ಸ್ಥಿತಿಯ ಅರಿವಿರುತ್ತದೆ, ಅವರ ಮನೆಯವರಿಗೂ ಇರುತ್ತದೆ. ಈ ಸಭೆಯಲ್ಲಿ ಅಂಥ ಹಲವು ಮನೆಯವರು ಇದ್ದೀರಿ ಎಂದು ಬಲ್ಲೆ. ಆದರೆ ಪಟ್ಟಿಯ ಕೊನೆಯಲ್ಲಿ ಇನ್ನೊಂದು ದೊಡ್ಡ ಗುಂಪಿದೆ, ಅದು ತನ್ನನ್ನು ಈ ಲೆಕ್ಕಕ್ಕೆ ಸೇರಿಸಿಕೊಳ್ಳುವುದೇ ಇಲ್ಲ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವೊಂದು 2023ರಲ್ಲಿ ಪ್ರಕಟವಾದಾಗ, ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿ ದಾಟಿದೆ ಎಂದು ಅಂದಾಜಿಸಿತ್ತು. 'ನನಗೆ ಬರೀ ಶುಗರ್ ಇದೆ, ಬೇರೇನೂ ಕಾಯಿಲೆ ಇಲ್ಲ' ಎಂದು ಹೇಳುವವರು ನಮ್ಮ ಹಳ್ಳಿ-ಪೇಟೆಗಳಲ್ಲಿ ಎಷ್ಟು ಮಂದಿಯೋ.

ಮುಂದಿನದು ಅರ್ಥವಾಗಬೇಕಾದರೆ ಮುಖದ ಮೂಳೆಗಳ ರಚನೆಯನ್ನು ಸ್ವಲ್ಪ ತಿಳಿಯಬೇಕು. ಸೈನಸ್‌ಗಳು ಮೂಗಿನ ಸುತ್ತಲಿನ ಮೂಳೆಗಳೊಳಗಿನ ಗಾಳಿ ತುಂಬಿದ ಪೊಳ್ಳು ಜಾಗಗಳು, ಒಟ್ಟು ನಾಲ್ಕು ಜೊತೆ: ಕೆನ್ನೆಯೊಳಗೆ ಒಂದು, ಹಣೆಯಲ್ಲಿ ಒಂದು, ಎರಡು ಕಣ್ಣುಗಳ ನಡುವೆ ಸಣ್ಣ ಸಣ್ಣ ಕೋಣೆಗಳ ಗುಂಪು, ಇವೆಲ್ಲದರ ಹಿಂದೆ ಮೆದುಳಿನ ತಳಕ್ಕೆ ತಾಗಿಕೊಂಡಂತೆ ಇನ್ನೊಂದು. ಇವುಗಳ ಒಳಪದರದಲ್ಲಿ ಸೂಕ್ಷ್ಮ ರೋಮಗಳಿದ್ದು, ಅವು ಲೋಳೆಯನ್ನು ನಿರಂತರವಾಗಿ ಮೂಗಿನ ಕಡೆಗೆ ತಳ್ಳುತ್ತಿರುತ್ತವೆ. ಉಸಿರಿನೊಂದಿಗೆ ಒಳಬಂದ ಧೂಳು, ಬೂಷ್ಟಿನ ಬೀಜಕಣ, ಬ್ಯಾಕ್ಟೀರಿಯಾ ಎಲ್ಲವೂ ಆ ಲೋಳೆಯಲ್ಲಿ ಸಿಕ್ಕಿ ಗಂಟಲಿಗೆ ಇಳಿದು ಹೊಟ್ಟೆ ಸೇರುತ್ತವೆ. ನಮ್ಮ ಆತಂಕವಿರುವುದು ಈ ಕೋಣೆಗಳ ನೆರೆಹೊರೆಯ ಬಗ್ಗೆ. ಕಣ್ಣಿನ ಗುಳಿಗೂ ಸೈನಸ್‌ಗೂ ನಡುವೆ ಇರುವ ಮೂಳೆ ಕಾಗದದ ಹಾಳೆಯಷ್ಟು ತೆಳು. ಕೆನ್ನೆಯ ಸೈನಸ್‌ನ ತಳವೇ ಮೇಲಿನ ದವಡೆಯ ಹಲ್ಲುಗಳ ಬೇರಿಗೆ ಚಾವಣಿ. ಹಿಂದಿನ ಸೈನಸ್‌ನ ಪಕ್ಕದಲ್ಲಿಯೇ ಕಣ್ಣಿನ ನರ ಮತ್ತು ಮೆದುಳಿಗೆ ರಕ್ತ ಒಯ್ಯುವ ದೊಡ್ಡ ಧಮನಿ ಹಾದುಹೋಗುತ್ತವೆ. ಸೋಂಕು ಕೋಣೆಯೊಳಗೇ ಉಳಿದರೆ ಅದು ತಲೆನೋವು. ಗೋಡೆ ದಾಟಿತೆಂದರೆ ಪ್ರಾಣಾಪಾಯ. ಆರೋಗ್ಯವಂತರಲ್ಲಿ ಅದು ಗೋಡೆ ದಾಟದಂತೆ ತಡೆಯುವುದು ಆ ತೆಳು ಮೂಳೆಯಲ್ಲ, ಅಲ್ಲಿಗೆ ಧಾವಿಸುವ ಬಿಳಿ ರಕ್ತಕಣಗಳು.

ಇನ್ನು ಈ ಉಪನ್ಯಾಸದ ಮುಖ್ಯ ಮಾತಿಗೆ ಬರುತ್ತೇನೆ. ಸೋಂಕು ಎಂದರೆ ನಮ್ಮ ಮನಸ್ಸಿಗೆ ಬರುವುದು ಹಳದಿ-ಹಸಿರು ಸಿಂಬಳ, ಕೀವು, ಕೆಂಪಾದ ಊತ, ಸುಡುವ ಜ್ವರ. ಇವನ್ನೆಲ್ಲ ರೋಗಾಣುಗಳೇ ಉಂಟುಮಾಡುತ್ತವೆ ಎಂದು ನಾವು ಭಾವಿಸಿದ್ದೇವೆ. ವಾಸ್ತವದಲ್ಲಿ ಇವು ಬಹುಮಟ್ಟಿಗೆ ನಮ್ಮ ದೇಹದ ಪ್ರತಿರೋಧದ ಕುರುಹುಗಳು. ಕೀವಿನಲ್ಲಿ ಹೆಚ್ಚಾಗಿ ಇರುವುದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಶವಗಳೇ. ಹಾಗಾದರೆ ನ್ಯೂಟ್ರೋಫಿಲ್‌ಗಳೇ ಇಲ್ಲದವರಲ್ಲಿ ಏನಾಗುತ್ತದೆ? ಆರೋಗ್ಯವಂತರಲ್ಲಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇವು ಸಾವಿರಾರು ಇರುತ್ತವೆ. ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್‌ಗೆ ಕೀಮೋಥೆರಪಿ ಪಡೆದವರಲ್ಲಿ 500ಕ್ಕಿಂತ ಕೆಳಗೆ, ಕೆಲವೊಮ್ಮೆ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತವೆ. ಅಂಥವರ ಸೈನಸ್‌ನಲ್ಲಿ ಬೂಷ್ಟು ಮೂಳೆಯನ್ನು ಕೊರೆಯುತ್ತಿದ್ದರೂ ಮೂಗಿನಿಂದ ಕೀವು ಬರುವುದಿಲ್ಲ, ಕೆನ್ನೆ ಕೆಂಪಾಗುವುದಿಲ್ಲ. ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಜ್ವರವೂ ಅಡಗಿರುತ್ತದೆ. ಮೂಗು ಸ್ವಚ್ಛವಾಗಿದೆ, ಊತವಿಲ್ಲ, ಆದ್ದರಿಂದ ಭಯವಿಲ್ಲ ಎಂಬ ತರ್ಕ ಇಲ್ಲಿ ಪೂರ್ತಿ ತಲೆಕೆಳಗಾಗುತ್ತದೆ. ಇನ್ನೂ ವಿಚಿತ್ರವೆಂದರೆ, ಕೀಮೋಥೆರಪಿಯ ನಂತರ ಬಿಳಿ ರಕ್ತಕಣಗಳು ಮತ್ತೆ ಏರತೊಡಗಿದಾಗ ಕೆಲವರ ಮುಖ ಇದ್ದಕ್ಕಿದ್ದಂತೆ ಊದಿಕೊಂಡು ನೋವು ಹೆಚ್ಚುತ್ತದೆ. ಮನೆಯವರು ಗಾಬರಿಯಾಗುತ್ತಾರೆ; ಅದು ಹಲವು ಸಲ ದೇಹ ಕೊನೆಗೂ ಹೋರಾಟಕ್ಕೆ ಇಳಿದದ್ದರ ಸೂಚನೆಯಾಗಿರುತ್ತದೆ.

ರೋಗನಿರೋಧಕ ಶಕ್ತಿಯೆಂಬುದು ಒಂದೇ ವಸ್ತುವಲ್ಲ. ಅದರ ಯಾವ ಭಾಗ ಕುಗ್ಗಿದೆ ಎಂಬುದರ ಮೇಲೆ ಯಾವ ರೋಗಾಣು ಬರುತ್ತದೆ ಎಂಬುದು ನಿರ್ಧಾರವಾಗುತ್ತದೆ. ಪ್ರತಿಕಾಯಗಳ ಕೊರತೆ ಇರುವವರನ್ನು ಮೊದಲು ನೋಡೋಣ. ಅಮೆರಿಕದ ವೈದ್ಯ ಆಗ್ಡೆನ್ ಬ್ರೂಟನ್ 1952ರಲ್ಲಿ, ಪದೇಪದೇ ಗಂಭೀರ ಸೋಂಕಿಗೆ ಒಳಗಾಗುತ್ತಿದ್ದ ಒಬ್ಬ ಬಾಲಕನ ರಕ್ತದಲ್ಲಿ ಪ್ರತಿಕಾಯಗಳಿರುವ ಗಾಮಾ ಗ್ಲಾಬ್ಯುಲಿನ್ ಎಂಬ ಅಂಶವೇ ಇಲ್ಲದಿರುವುದನ್ನು ಪತ್ತೆಮಾಡಿದರು. ಆ ಅಂಶವನ್ನು ಹೊರಗಿನಿಂದ ಚುಚ್ಚಿ ಕೊಟ್ಟಾಗ ಸೋಂಕುಗಳು ನಿಂತವು. ಇಂಥ ಮಕ್ಕಳಲ್ಲಿ ಕಾಡುವುದು ನ್ಯೂಮೋಕಾಕಸ್, ಹೀಮೋಫಿಲಸ್ ಮುಂತಾದ ಸಾಮಾನ್ಯ ಬ್ಯಾಕ್ಟೀರಿಯಾಗಳೇ. ಆದರೆ ಔಷಧ ನಿಲ್ಲಿಸಿದ ಕೂಡಲೇ ಅವು ಮರಳುತ್ತವೆ. ವರ್ಷದೊಳಗೆ ಎರಡು ಅಥವಾ ಹೆಚ್ಚು ಸಲ ಗಂಭೀರ ಸೈನಸ್ ಸೋಂಕಾದರೆ ಪ್ರತಿಕಾಯಗಳ ಮಟ್ಟವನ್ನು ಪರೀಕ್ಷಿಸಬೇಕೆಂಬುದು ವೈದ್ಯಲೋಕದಲ್ಲಿ ಒಪ್ಪಿತವಾದ ಸೂಚನೆ. ನಮ್ಮಲ್ಲಿ ಏನಾಗುತ್ತದೆ? 'ಈ ಹುಡುಗನಿಗೆ ಶೀತದ ಮೈ' ಎಂದು ಹೇಳಿ ಮೊಸರು, ಬಾಳೆಹಣ್ಣು ಬಿಡಿಸುತ್ತಾರೆ. ಇಮ್ಯುನೊಗ್ಲಾಬ್ಯುಲಿನ್, ಅಂದರೆ ಪ್ರತಿಕಾಯಗಳ, ಮಟ್ಟ ನೋಡುವ ಪರೀಕ್ಷೆಗೆ ಒಂದಿಷ್ಟು ರಕ್ತ ಸಾಕು; ಅದನ್ನು ಕೇಳಿ ಮಾಡಿಸಿಕೊಳ್ಳುವ ಹಕ್ಕು ತಂದೆತಾಯಿಗಳಿಗಿದೆ. ಕೊರತೆ ಪತ್ತೆಯಾದರೆ ನಿಯಮಿತವಾಗಿ ಇಮ್ಯುನೊಗ್ಲಾಬ್ಯುಲಿನ್ ಕೊಡುವ ಚಿಕಿತ್ಸೆ ಈಗಲೂ ಅದೇ ತತ್ವದ್ದು.

ಎಚ್‌ಐವಿ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. ಆ ವೈರಸ್ಸನ್ನು ಹತೋಟಿಯಲ್ಲಿಡುವ ಎಆರ್‌ಟಿ ಔಷಧಗಳು ಸುಲಭವಾಗಿ ಸಿಗತೊಡಗಿದ ಮೇಲೆ ಅಪಾಯಕಾರಿ ಸೈನಸ್ ಸೋಂಕುಗಳು ಬಹಳ ಕಡಿಮೆಯಾಗಿವೆ. ಒಂದು ಎಚ್ಚರಿಕೆ ಮಾತ್ರ ಬಾಕಿ ಇದೆ. ರಿಟೋನಾವಿರ್ ಸೇರಿದ ಎಚ್‌ಐವಿ ಔಷಧ ತೆಗೆದುಕೊಳ್ಳುವವರು ಮೂಗಿನ ಅಲರ್ಜಿಗೆಂದು ಫ್ಲುಟಿಕಸೋನ್ ಸ್ಪ್ರೇ ಬಳಸಿದರೆ, ಆ ಸ್ಟೀರಾಯ್ಡ್ ದೇಹದಲ್ಲಿ ಕರಗದೆ ಸಂಗ್ರಹವಾಗಿ, ಮಾತ್ರೆಯಲ್ಲೇ ಸ್ಟೀರಾಯ್ಡ್ ನುಂಗಿದಂಥ ಪರಿಣಾಮ ಮಾಡುತ್ತದೆ. ಮೂಗಿಗೆ ಹಾಕುವುದು ತಾನೇ ಎಂದು ಔಷಧದಂಗಡಿಯಿಂದ ನೇರವಾಗಿ ತರುವ ಅಭ್ಯಾಸ ಬಿಡಬೇಕು.

ಈಗ ಬೂಷ್ಟಿನ ಕಡೆಗೆ. ಎರಡು ಬಗೆಯ ಬೂಷ್ಟುಗಳು ಇಲ್ಲಿ ಮುಖ್ಯ. ಆಸ್ಪರ್ಜಿಲಸ್ ಒಂದು, ರೈಜೋಪಸ್ ಮುಂತಾದ ಮ್ಯೂಕರ್ ಗುಂಪಿನವು ಇನ್ನೊಂದು. ಇವು ಎಲ್ಲೋ ದೂರದಿಂದ ಬರುವಂಥವಲ್ಲ. ಮಣ್ಣು, ಗೊಬ್ಬರ, ಕೊಳೆತ ಎಲೆ, ಹಳಸಿದ ಬ್ರೆಡ್ ಎಲ್ಲ ಕಡೆ ಇವೆ. ಅವುಗಳ ಬೀಜಕಣಗಳನ್ನು ನಾವೆಲ್ಲರೂ ಈ ಕ್ಷಣದಲ್ಲಿಯೂ ಉಸಿರಾಡುತ್ತಿರಬಹುದು. ಮನುಷ್ಯನಲ್ಲಿ ಮ್ಯೂಕರ್ ಸೋಂಕನ್ನು ಪಾಲ್ಟಾಫ್ ಎಂಬ ವೈದ್ಯರು 1885ರಲ್ಲಿಯೇ ವರ್ಣಿಸಿದ್ದರು. ರಕ್ತನಾಳದ ಗೋಡೆಯನ್ನು ಭೇದಿಸಿ ಒಳಗೆ ಬೆಳೆಯುವುದು ಈ ಬೂಷ್ಟಿನ ಸ್ವಭಾವ. ನಾಳದೊಳಗೆ ರಕ್ತ ಹೆಪ್ಪುಗಟ್ಟುತ್ತದೆ, ಮುಂದಿನ ಭಾಗಕ್ಕೆ ರಕ್ತ ತಲುಪದೆ ಅಲ್ಲಿನ ಮಾಂಸ, ಮೂಳೆ ಸಾಯುತ್ತವೆ. 2021ರಲ್ಲಿ ನೀವೆಲ್ಲ ಟಿವಿಯಲ್ಲಿ ಕೇಳಿದ ಬ್ಲ್ಯಾಕ್ ಫಂಗಸ್ ಇದೇ. ಆ ಕಪ್ಪು ಬಣ್ಣ ಬೂಷ್ಟಿನದ್ದಲ್ಲ, ಸತ್ತ ಅಂಗಾಂಶದ್ದು. ಆದ್ದರಿಂದ ಕಪ್ಪು ಕಾಣಿಸಿಕೊಳ್ಳುವ ಹೊತ್ತಿಗೆ ರೋಗ ಬಹಳ ಮುಂದೆ ಹೋಗಿರುತ್ತದೆ. ಔಷಧ ಕೊಟ್ಟರೂ ರಕ್ತವೇ ಹರಿಯದ ಜಾಗಕ್ಕೆ ಅದು ತಲುಪುವುದಿಲ್ಲ. ಹೀಗಾಗಿ ಈ ಕಾಯಿಲೆಗೆ ಶಸ್ತ್ರಚಿಕಿತ್ಸೆ ಬೇಕೇ ಬೇಕಾಗುತ್ತದೆ.

ಸಕ್ಕರೆ ಕಾಯಿಲೆಯವರನ್ನೇ ಮ್ಯೂಕರ್ ಏಕೆ ಹುಡುಕಿಕೊಂಡು ಬರುತ್ತದೆ ಎಂದು ಕೇಳುತ್ತೀರಿ. ಸಕ್ಕರೆ ತೀರಾ ಏರಿ ದೇಹದಲ್ಲಿ ಕೀಟೋನ್ ಎಂಬ ಆಮ್ಲೀಯ ವಸ್ತುಗಳು ಶೇಖರವಾಗಿ ರಕ್ತ ಆಮ್ಲೀಯವಾದಾಗ ಮೂರು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ನ್ಯೂಟ್ರೋಫಿಲ್‌ಗಳು ಸಂಖ್ಯೆಯಲ್ಲಿ ಸಾಕಷ್ಟಿದ್ದರೂ ಮಂದವಾಗುತ್ತವೆ, ಸೋಂಕಿನ ಜಾಗಕ್ಕೆ ಸರಿಯಾಗಿ ಹೋಗುವುದಿಲ್ಲ. ಸಾಮಾನ್ಯವಾಗಿ ಪ್ರೋಟೀನಿಗೆ ಅಂಟಿಕೊಂಡಿರುವ ಕಬ್ಬಿಣದ ಅಂಶ ಆಮ್ಲೀಯ ರಕ್ತದಲ್ಲಿ ಬಿಡುಗಡೆಯಾಗುತ್ತದೆ. ಈ ಬೂಷ್ಟು ಬೆಳೆಯಲು ಕಬ್ಬಿಣ ಬೇಕೇ ಬೇಕು. ಜೊತೆಗೆ, ರಕ್ತನಾಳದ ಒಳಪದರದ ಮೇಲೆ ಬೂಷ್ಟು ಹಿಡಿದುಕೊಳ್ಳಲು ಬಳಸುವ ಒಂದು ಪ್ರೋಟೀನು ಇಂಥ ಸ್ಥಿತಿಯಲ್ಲಿ ಹೆಚ್ಚಾಗುತ್ತದೆ. ಕೋವಿಡ್‌ಗೆ ಮೊದಲೇ ನಮ್ಮ ದೇಶದಲ್ಲಿ ಈ ಕಾಯಿಲೆ ಜಗತ್ತಿನ ಸರಾಸರಿಗಿಂತ ಸುಮಾರು 70 ಪಟ್ಟು ಹೆಚ್ಚು ಎಂಬ ಅಂದಾಜಿತ್ತು. ಆಮೇಲೆ ಬಂದದ್ದು ಎರಡನೇ ಅಲೆ. ಕೇಂದ್ರ ಸರ್ಕಾರ 2021ರ ಮೇ ತಿಂಗಳಲ್ಲಿ ಇದನ್ನು ಅಧಿಸೂಚಿತ ರೋಗವನ್ನಾಗಿ, ಅಂದರೆ ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ತಿಳಿಸಬೇಕಾದ ರೋಗವನ್ನಾಗಿ, ಘೋಷಿಸುವಂತೆ ರಾಜ್ಯಗಳಿಗೆ ಪತ್ರ ಬರೆಯಿತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ಇದಕ್ಕೆಂದೇ ಚಿಕಿತ್ಸೆಯ ವ್ಯವಸ್ಥೆಯಾಯಿತು. ಜೂನ್ ಕೊನೆಯ ಹೊತ್ತಿಗೆ ದೇಶದಲ್ಲಿ 40,845 ಪ್ರಕರಣ, 3,129 ಸಾವು ಎಂದು ಆರೋಗ್ಯ ಸಚಿವರು ತಿಳಿಸಿದರು. ಆ ರೋಗಿಗಳಲ್ಲಿ ಸುಮಾರು 64 ಶೇಕಡಾ ಮಂದಿಗೆ ಮಧುಮೇಹವಿತ್ತು, ಅರ್ಧಕ್ಕಿಂತ ಹೆಚ್ಚು ಮಂದಿ ಸ್ಟೀರಾಯ್ಡ್ ಪಡೆದಿದ್ದರು. ಆಕ್ಸಿಜನ್ ಅಗತ್ಯವಿರುವವರಿಗೆ ಸ್ಟೀರಾಯ್ಡ್ ಜೀವ ಉಳಿಸಿತು ಎಂಬುದರಲ್ಲಿ ಅನುಮಾನವಿಲ್ಲ. ಮನೆಯಲ್ಲೇ ಚೇತರಿಸಿಕೊಳ್ಳಬಹುದಾಗಿದ್ದವರಿಗೆ ವಾಟ್ಸಾಪ್‌ನಲ್ಲಿ ಬಂದ ಔಷಧಚೀಟಿ ನೋಡಿ ವಾರಗಟ್ಟಲೆ ಕೊಟ್ಟದ್ದು, ಸಕ್ಕರೆ ಅಳೆಯದೆ ಕೊಟ್ಟದ್ದು, ನನ್ನ ದೃಷ್ಟಿಯಲ್ಲಿ ಕ್ಷಮಿಸಲಾಗದ ಅಜಾಗರೂಕತೆ. ಅಲೆ ಇಳಿದ ಮೇಲೆ ಕಾಯಿಲೆಯೂ ಹೋಯಿತೆಂದು ಜನ ತಿಳಿದಿದ್ದಾರೆ. ಸುದ್ದಿ ಹೋಗಿದೆ, ಕಾಯಿಲೆ ಹೋಗಿಲ್ಲ.

ಇಬ್ಬರು ರೋಗಿಗಳ ಕುರಿತು ಹೇಳುತ್ತೇನೆ. ಐವತ್ತರ ಆಸುಪಾಸಿನ ಒಬ್ಬ ತಾಯಿ, ಕೃಷಿಕ ಮನೆತನದವರು. ಸಕ್ಕರೆ ಮಾತ್ರೆ ನಿಲ್ಲಿಸಿ ಯಾವುದೋ ಕಷಾಯ ಕುಡಿಯುತ್ತಿದ್ದರು. ಮೇಲಿನ ದವಡೆ ನೋಯುತ್ತದೆ, ಹಲ್ಲು ಅಲುಗುತ್ತದೆ ಎಂದು ಹಲ್ಲು ಕೀಳಿಸಿಕೊಂಡರು. ಕಿತ್ತ ಜಾಗ ಮಾಯಲಿಲ್ಲ. ಕೆನ್ನೆ ಜೋಮು ಹಿಡಿದಂತಿದೆ ಎಂದು ಮಗಳ ಹತ್ತಿರ ಹೇಳಿದ್ದರಂತೆ, ಅದನ್ನು ಹಲ್ಲಿಗೆ ಕೊಟ್ಟ ಇಂಜೆಕ್ಷನ್‌ನ ಪರಿಣಾಮವೆಂದು ಎಲ್ಲರೂ ತಿಳಿದರು. ಒಂದು ಬೆಳಿಗ್ಗೆ ಕಣ್ಣಿನ ರೆಪ್ಪೆ ಇಳಿಬಿದ್ದಿತು. ನಮ್ಮಲ್ಲಿಗೆ ಬಂದದ್ದು ಆಗ. ಬಾಯಿ ತೆರೆಸಿ ಟಾರ್ಚ್ ಹಿಡಿದರೆ ಅಂಗುಳಿನ ಅರ್ಧ ಭಾಗ ಬಣ್ಣಗೆಟ್ಟಿತ್ತು. ಮೇಲ್ದವಡೆಯ ಒಂದು ಪಾರ್ಶ್ವವನ್ನೇ ತೆಗೆಯಬೇಕಾಯಿತು. ಅವರು ಬದುಕಿದ್ದಾರೆ, ಕೃತಕ ಅಂಗುಳು ಹಾಕಿಕೊಂಡು ಊಟಮಾಡುತ್ತಾರೆ. ಆ ಕಣ್ಣಿಗೆ ದೃಷ್ಟಿ ಮರಳಲಿಲ್ಲ.

ಇನ್ನೊಬ್ಬ ಲ್ಯುಕೇಮಿಯಾ ಚಿಕಿತ್ಸೆಯಲ್ಲಿದ್ದ ಹುಡುಗ. ಜ್ವರ ಬಿಟ್ಟರೆ ಬೇರೆ ಲಕ್ಷಣವಿಲ್ಲ. ಆಂಟಿಬಯಾಟಿಕ್ ಕೊಟ್ಟರೂ ಜ್ವರ ಇಳಿಯಲಿಲ್ಲ. ಮುಖ ಒರೆಸುವಾಗ ಒಂದು ಕಡೆ ಮುಟ್ಟಿದ್ದು ಅವನಿಗೆ ಸರಿಯಾಗಿ ತಿಳಿಯುತ್ತಿಲ್ಲ ಎಂಬುದನ್ನು ಅವನ ತಾಯಿ ಗಮನಿಸಿ ನರ್ಸ್‌ಗೆ ಹೇಳಿದರು. ಆ ಸಂಜೆಯೇ ಎಂಡೋಸ್ಕೋಪ್ ಎಂಬ ಸಪೂರ ದರ್ಶಕ ನಳಿಗೆಯನ್ನು ಮೂಗಿಗೆ ಹಾಕಿ ನೋಡಿದಾಗ ಮೂಗಿನೊಳಗಿನ ಒಂದು ಮಡಿಕೆಯ ತುದಿ ಬಿಳಿಚಿಕೊಂಡಿತ್ತು, ಮುಟ್ಟಿದರೆ ನೋವಿಲ್ಲ, ಚಿವುಟಿದರೆ ರಕ್ತವಿಲ್ಲ. ತೆಗೆದ ಚೂರಿನಲ್ಲಿ ಆಸ್ಪರ್ಜಿಲಸ್ ಇತ್ತು. ಅಷ್ಟನ್ನೇ ಕತ್ತರಿಸಿ, ವೊರಿಕೊನಾಜೋಲ್ ಎಂಬ ಬೂಷ್ಟು ನಾಶಕ ಔಷಧ ಕೊಟ್ಟು, ಬಿಳಿ ರಕ್ತಕಣ ಏರುವವರೆಗೆ ಕಾಪಾಡಿಕೊಂಡೆವು. ಅವನ ಮುಖದಲ್ಲಿ ಇಂದು ಯಾವ ಗುರುತೂ ಇಲ್ಲ. ಇಬ್ಬರಲ್ಲಿಯೂ ನಿಜವಾದ ಸುಳಿವು ಕೊಟ್ಟ ಲಕ್ಷಣ ಒಂದೇ: ಕೆನ್ನೆಯ ಸ್ಪರ್ಶ ಕುಂದಿದ್ದು. ಕಣ್ಣಿನ ಕೆಳಗೆ ಕೆನ್ನೆಗೆ ಇಳಿಯುವ ನರಕ್ಕೆ ಸೋಂಕು ತಗುಲಿದಾಗ ಹೀಗಾಗುತ್ತದೆ.

ಪತ್ತೆಹಚ್ಚುವುದು ಹೇಗೆ? ಸಿಟಿ ಸ್ಕ್ಯಾನ್ ಮಾಡಿಸಿ ಎಂಬುದು ಈಗ ಎಲ್ಲರಿಗೂ ಗೊತ್ತು. ಆದರೆ ಆರಂಭದಲ್ಲಿ ಸಿಟಿಯಲ್ಲಿ ಒಂದು ಬದಿಯ ಒಳಪದರ ತುಸು ದಪ್ಪವಾಗಿರುವುದಷ್ಟೇ ಕಾಣಬಹುದು, ಮಾಮೂಲಿ ನೆಗಡಿಯಲ್ಲಿಯೂ ಹಾಗೇ ಕಾಣುತ್ತದೆ. ಮೂಳೆ ಕರಗಿರುವುದು ಕಾಣುವಷ್ಟರಲ್ಲಿ ತಡವಾಗಿರುತ್ತದೆ. ರಕ್ತ ಹರಿಯುವ ಭಾಗವನ್ನು ಬೆಳಗಿಸಿ ತೋರಿಸುವ ಗ್ಯಾಡೊಲಿನಿಯಂ ಎಂಬ ಔಷಧ ಕೊಟ್ಟು ಮಾಡುವ ಎಂಆರ್‌ಐ ಹೆಚ್ಚು ಉಪಯುಕ್ತ: ರಕ್ತ ಹರಿಯದ ಭಾಗ ಅದರಲ್ಲಿ ಕಪ್ಪಾಗಿಯೇ ಉಳಿಯುತ್ತದೆ, ಕಣ್ಣು ಮತ್ತು ಮೆದುಳಿನ ಕಡೆ ಹರಡಿದ್ದೂ ಗೊತ್ತಾಗುತ್ತದೆ. ಇವೆಲ್ಲಕ್ಕಿಂತ ಮೇಲಿನದು ಎಂಡೋಸ್ಕೋಪಿಯಲ್ಲಿ ತೆಗೆದ ಚೂರು. ಅದಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅಂದೇ ಉತ್ತರ ಸಿಗುತ್ತದೆ. ಮ್ಯೂಕರ್‌ನ ಎಳೆಗಳು ಅಗಲವಾಗಿ, ರಿಬ್ಬನ್‌ನಂತೆ, ನಡುವೆ ಅಡ್ಡಗೋಡೆಗಳು ಹೆಚ್ಚಿಲ್ಲದೆ, ಕವಲೊಡೆಯುವಲ್ಲಿ ಹೆಚ್ಚುಕಡಿಮೆ ಲಂಬಕೋನ ಮಾಡುತ್ತವೆ. ಆಸ್ಪರ್ಜಿಲಸ್‌ನವು ಸಪೂರ, ಅಡ್ಡಗೋಡೆಗಳಿರುವಂಥವು, ಸುಮಾರು 45 ಡಿಗ್ರಿಯಲ್ಲಿ ಕವಲೊಡೆಯುವಂಥವು. ಈ ವ್ಯತ್ಯಾಸ ಪಾಂಡಿತ್ಯ ಪ್ರದರ್ಶನಕ್ಕಲ್ಲ. ಆಸ್ಪರ್ಜಿಲಸ್‌ಗೆ ಕೊಡುವ ವೊರಿಕೊನಾಜೋಲ್ ಮ್ಯೂಕರ್ ಮೇಲೆ ಕೆಲಸ ಮಾಡುವುದಿಲ್ಲ. ತಪ್ಪು ಔಷಧದಲ್ಲಿ ಕಳೆದ ದಿನಗಳು ಮರಳಿ ಬರುವುದಿಲ್ಲ.

ಚಿಕಿತ್ಸೆಯಲ್ಲಿ ಮೂರು ಕೆಲಸಗಳು ಒಟ್ಟೊಟ್ಟಿಗೆ ನಡೆಯಬೇಕು, ಒಂದು ಮುಗಿದ ಮೇಲೆ ಇನ್ನೊಂದು ಎಂದಲ್ಲ. ಸತ್ತ ಅಂಗಾಂಶವನ್ನು ತೆಗೆಯುವುದು, ಹಲವೊಮ್ಮೆ ಒಂದಕ್ಕಿಂತ ಹೆಚ್ಚು ಸಲ. ಬೂಷ್ಟು ನಾಶಕ ಔಷಧ. ಮೂಲ ದೌರ್ಬಲ್ಯವನ್ನು ಸರಿಪಡಿಸುವುದು, ಅಂದರೆ ಇನ್ಸುಲಿನ್ ಕೊಟ್ಟು ಸಕ್ಕರೆ ಮತ್ತು ಆಮ್ಲೀಯತೆಯನ್ನು ಇಳಿಸುವುದು, ಸಾಧ್ಯವಿದ್ದಲ್ಲಿ ಸ್ಟೀರಾಯ್ಡ್ ಅಥವಾ ಕಸಿಯ ಔಷಧವನ್ನು ಆಯಾ ತಜ್ಞರೊಡನೆ ಚರ್ಚಿಸಿ ಕಡಿಮೆ ಮಾಡುವುದು. ಮ್ಯೂಕರ್‌ಗೆ ಮೊದಲ ಔಷಧ ಆಂಫೊಟೆರಿಸಿನ್-ಬಿ. ವೆನೆಜುವೆಲಾದ ಒರಿನೋಕೊ ನದಿಯ ಸೀಮೆಯ ಮಣ್ಣಿನಲ್ಲಿ ಸಿಕ್ಕ ಸ್ಟ್ರೆಪ್ಟೊಮೈಸಿಸ್ ಜಾತಿಯ ಸೂಕ್ಷ್ಮಜೀವಿಯಿಂದ 1950ರ ದಶಕದಲ್ಲಿ ದೊರೆತ ಈ ಔಷಧಕ್ಕೆ ಇಂದಿಗೂ ಪೂರ್ತಿ ಬದಲಿ ಸಿಕ್ಕಿಲ್ಲ. ಮಣ್ಣಿನ ಬೂಷ್ಟಿಗೆ ಮದ್ದೂ ಮಣ್ಣಿನಿಂದಲೇ ಬಂತು. ಹಳೆಯ ರೂಪದ ಆಂಫೊಟೆರಿಸಿನ್ ಕಿಡ್ನಿಗೆ ಪೆಟ್ಟು ಕೊಡುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ, ಚಳಿ-ನಡುಕ ತರುತ್ತದೆ. ಕೊಬ್ಬಿನ ಕಣಗಳಲ್ಲಿ ಸೇರಿಸಿದ ಲೈಪೊಸೋಮಲ್ ರೂಪದಲ್ಲಿ ಈ ತೊಂದರೆ ಕಡಿಮೆ, ಬೆಲೆ ಹೆಚ್ಚು. ರೋಗಿಯ ತೂಕದ ಪ್ರತಿ ಕಿಲೋಗೆ ದಿನಕ್ಕೆ 5ರಿಂದ 10 ಮಿಲಿಗ್ರಾಂ ಬೇಕು, ಒಂದು ವಯಲ್‌ನಲ್ಲಿ, ಅಂದರೆ ಇಂಜೆಕ್ಷನ್‌ನ ಸಣ್ಣ ಸೀಸೆಯಲ್ಲಿ, ಇರುವುದು 50 ಮಿಲಿಗ್ರಾಂ. 60 ಕಿಲೋ ತೂಕದವರಿಗೆ ದಿನಕ್ಕೆ ಕನಿಷ್ಠ ಆರು ವಯಲ್, ಹೀಗೆ ವಾರಗಟ್ಟಲೆ. 2021ರಲ್ಲಿ ಈ ಔಷಧಕ್ಕಾಗಿ ಜನ ಊರೂರು ಅಲೆದದ್ದು ಏಕೆಂದು ಈ ಲೆಕ್ಕವೇ ಹೇಳುತ್ತದೆ. ಅನಂತರ ತಿಂಗಳುಗಳ ಕಾಲ ಪೊಸಾಕೊನಾಜೋಲ್ ಅಥವಾ ಐಸಾವುಕೊನಾಜೋಲ್ ಮಾತ್ರೆ ಮುಂದುವರಿಯುತ್ತದೆ. ಮೂಗು ಸರಿಯಾಯಿತೆಂದು ಇವನ್ನು ತಾವಾಗಿಯೇ ನಿಲ್ಲಿಸಿದವರು ಮತ್ತೆ ಬಂದದ್ದನ್ನು ಕಂಡಿದ್ದೇನೆ.

ಮನೆಯಲ್ಲಿ ಮಾಡುವ ಉಪಚಾರಗಳ ಬಗ್ಗೆ ಚೀಟಿಗಳು ಬಂದಿವೆ. ಆವಿ ಹಿಡಿಯುವುದರಿಂದ ಕಟ್ಟಿದ ಮೂಗಿಗೆ ಹಾಯೆನಿಸುತ್ತದೆ, ಬೂಷ್ಟು ಸಾಯುವುದಿಲ್ಲ; ತೀರಾ ಬಿಸಿ ಆವಿ ಒಳಪದರವನ್ನೇ ಸುಡುತ್ತದೆ. ಜಲನೇತಿ ಮಾಡಬಹುದೇ ಎಂದು ಕೇಳಿದ್ದೀರಿ. ಉಪ್ಪುನೀರಿನಿಂದ ಮೂಗು ತೊಳೆಯುವುದು ಒಳ್ಳೆಯದೇ, ಶಸ್ತ್ರಚಿಕಿತ್ಸೆಯ ನಂತರ ನಾವೇ ಹೇಳಿಕೊಡುತ್ತೇವೆ. ಆದರೆ ನಲ್ಲಿಯ ಅಥವಾ ಬಾವಿಯ ನೀರನ್ನು ನೇರವಾಗಿ ಮೂಗಿಗೆ ಬಿಡಬಾರದು. ಅದರಲ್ಲಿರಬಹುದಾದ ಅಮೀಬಾ ಕುಡಿದರೆ ಏನೂ ಮಾಡದಿದ್ದರೂ ಮೂಗಿನಿಂದ ಮೆದುಳಿಗೆ ಏರಬಲ್ಲದು. ಮೂರರಿಂದ ಐದು ನಿಮಿಷ ಚೆನ್ನಾಗಿ ಕುದಿಸಿ ಆರಿಸಿದ ನೀರನ್ನೇ ಬಳಸಿ, ಪಾತ್ರೆಯನ್ನು ತೊಳೆದು ಒಣಗಿಸಿ. ಗೊಬ್ಬರದ ಗುಂಡಿ ಕೆದಕುವ, ಹಳೆಯ ಮನೆ ಕೆಡವುವ, ಬೂಷ್ಟು ಹಿಡಿದ ಹುಲ್ಲು ಕೊಡವುವ ಕೆಲಸಗಳಿಂದ ಬಿಳಿ ರಕ್ತಕಣ ಇಳಿದಿರುವವರು ದೂರವಿರಬೇಕು. ಮಲೆನಾಡಿನ ಮಳೆಗಾಲದಲ್ಲಿ ಇದು ಹೇಳಿದಷ್ಟು ಸುಲಭವಲ್ಲ ಎಂಬುದು ನನಗೂ ಗೊತ್ತು. ಬಹುಕಾಲದಿಂದ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ನನ್ನ ಮಾತು ಕೇಳಿ ಹೆದರಿ ಅದನ್ನು ಇದ್ದಕ್ಕಿದ್ದಂತೆ ನಿಲ್ಲಿಸಬೇಡಿ, ಅದರಿಂದಲೂ ಪ್ರಾಣಾಪಾಯವಿದೆ.

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ದಂತವೈದ್ಯರೂ ಕೆಲವರು ಇಲ್ಲಿದ್ದೀರಿ, ನಿಮಗೊಂದು ವಿನಂತಿ. ಸಕ್ಕರೆ ಹೆಚ್ಚಿರುವವರು ಮುಖದ ನೋವೆಂದು ಬಂದರೆ ಟಾರ್ಚ್ ಹಿಡಿದು ಅಂಗುಳು ನೋಡಿ, ಹತ್ತಿಯಿಂದ ಎರಡೂ ಕೆನ್ನೆ ಮುಟ್ಟಿ ಸ್ಪರ್ಶ ಒಂದೇ ಸಮನಾಗಿದೆಯೇ ಕೇಳಿ, ಕಣ್ಣನ್ನು ಎಲ್ಲ ದಿಕ್ಕಿಗೂ ಹೊರಳಿಸಲು ಹೇಳಿ. ಎರಡು ನಿಮಿಷದ ಕೆಲಸ, ಯಾವ ಯಂತ್ರವೂ ಬೇಡ. ಅಲುಗುವ ಮೇಲ್ದವಡೆಯ ಹಲ್ಲನ್ನು ಕೀಳುವ ಮುನ್ನ ಸಕ್ಕರೆ ಪರೀಕ್ಷಿಸಿ; ಮ್ಯೂಕರ್ ಬಂದ ಮೇಲೆಯೇ ತನಗೆ ಮಧುಮೇಹವಿದೆಯೆಂದು ತಿಳಿದವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಮನೆಯವರು ರಾತ್ರಿ ಹೊತ್ತು ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದಾಗ 'ಸೈನಸ್ ತಲೆನೋವು' ಎಂದು ಮಾತು ಶುರುಮಾಡಬೇಡಿ. ಹಾಗೆಂದರೆ ನಿಮ್ಮನ್ನು ಸಾಲಿನ ಕೊನೆಗೆ ಕಳಿಸುತ್ತಾರೆ. ಮೊದಲ ವಾಕ್ಯದಲ್ಲೇ ಕಸಿಯಾಗಿದೆ, ಅಥವಾ ಕೀಮೋ ನಡೆಯುತ್ತಿದೆ, ಅಥವಾ ಸಕ್ಕರೆ ಇಷ್ಟಿದೆ ಎಂದು ಹೇಳಿ. ಎರಡನೆಯದಾಗಿ ಒಂದು ಬದಿಯ ನೋವು, ಕೆನ್ನೆಯ ಜೋಮು, ರೆಪ್ಪೆ ಇಳಿದದ್ದು, ವಸ್ತು ಎರಡೆರಡಾಗಿ ಕಾಣುವುದು, ಮೂಗಿನಿಂದ ಕಂದು-ಕಪ್ಪು ಸ್ರಾವ, ಇವುಗಳಲ್ಲಿ ಏನಿದೆಯೋ ಅದನ್ನು ಹೇಳಿ. ಕೀಮೋ ಪಡೆಯುತ್ತಿರುವವರಿಗೆ ಜ್ವರ 101 ಡಿಗ್ರಿ ಒಮ್ಮೆ ತಲುಪಿದರೂ, 100.4 ಡಿಗ್ರಿಯಲ್ಲಿ ಒಂದು ಗಂಟೆ ನಿಂತರೂ, ಬೇರೆ ಲಕ್ಷಣಕ್ಕಾಗಿ ಕಾಯದೆ ಹೊರಡಿ. ಔಷಧಗಳ ಪಟ್ಟಿ, ಕೊನೆಯ ರಕ್ತ ಪರೀಕ್ಷೆಯ ವರದಿ, ಚಿಕಿತ್ಸೆ ಕೊಡುವ ತಜ್ಞರ ಫೋನ್ ಸಂಖ್ಯೆ ಒಂದೇ ಕಡತದಲ್ಲಿರಲಿ, ಆ ಕಡತ ಎಲ್ಲಿದೆ ಎಂಬುದು ಮನೆಯಲ್ಲಿ ಕನಿಷ್ಠ ಇಬ್ಬರಿಗೆ ಗೊತ್ತಿರಲಿ.